ಹನ್ನೆರಡೂವರೆ ಗುಂಡಿ

ನನ್ನ ಗಂಡನ ಅಳತೆ ತಪ್ಪುವುದಿಲ್ಲ. ಇದು ನನ್ನ ಮಾತಲ್ಲ, ಅವರಿಂದ ಬಚ್ಚಲುಮನೆ ಮಾಡಿಸಿಕೊಂಡವರೆಲ್ಲರ ಮಾತು. ಅವರು ಟೈಲ್ಸ್ ಹಾಕುವ ಮೇಸ್ತ್ರಿ. ಕೋಣೆಯ ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣು ಹಾಯಿಸಿ "ಹತ್ತು ಅಡಿ ಎರಡೂವರೆ ಇಂಚು" ಅಂದರೆ, ಅನುಮಾನಪಟ್ಟು ಅಳೆದು ನೋಡಿದವರು ಸುಮ್ಮನೆ ಟೇಪು ಸುತ್ತಿಟ್ಟುಕೊಳ್ಳುತ್ತಾರೆ. ನಾನು ದರ್ಜಿ. ಬೆಳಗಿನಿಂದ ಸಂಜೆವರೆಗೆ ನನ್ನ ಕೊರಳಲ್ಲಿ ಟೇಪು ನೇತಾಡುತ್ತಿರುತ್ತದೆ, ಬೀದಿಯ ಅರ್ಧ ಜನರ ಸೊಂಟದ ಸುತ್ತಳತೆ ನನಗೆ ಬಾಯಿಪಾಠ. ಅವರು ಗೋಡೆ ಅಳೆಯುತ್ತಾರೆ, ನಾನು ಮೈ ಅಳೆಯುತ್ತೇನೆ. ಇಂಥ ಮನೆಯಲ್ಲಿ ಸುಳ್ಳು ಅಳತೆಯೊಂದು ಹತ್ತಿರ ಹತ್ತಿರ ಒಂದು ವರ್ಷ ನಮ್ಮ ಜೊತೆಯಲ್ಲೇ ಕೂತು ಊಟ ಮಾಡುತ್ತಿತ್ತು ಅಂದರೆ ನಗಬೇಡಿ.

ಶುರುವಾದದ್ದು ನಾದಿನಿಯ ಪದಕದಿಂದ. ನನ್ನ ಗಂಡನ ತಂಗಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ನನಗಿಂತ ಆರು ವರ್ಷ ಚಿಕ್ಕವಳು. ಹೋದ ವರ್ಷ ಅವಳು ಟ್ರಯಥ್ಲಾನ್ ಮುಗಿಸಿದಳು. ಮೊದಲು ಕೆರೆಯಲ್ಲಿ ಸಾವಿರದೈನೂರು ಮೀಟರ್ ಈಜು, ದಡ ಹತ್ತಿದ ಕೂಡಲೇ ನಲವತ್ತು ಕಿಲೋಮೀಟರ್ ಸೈಕಲ್, ಸೈಕಲ್ ಇಳಿದು ಹತ್ತು ಕಿಲೋಮೀಟರ್ ಓಟ, ನಡುವೆ ಉಸ್ಸಪ್ಪಾ ಅನ್ನುವುದಕ್ಕೂ ಬಿಡುವಿಲ್ಲ. ಆ ಪದಕವನ್ನು ಕೊರಳಿಂದ ತೆಗೆಯದೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ನಾನು ಮುಟ್ಟಿ ನೋಡಿದೆ, ತೂಕವಾಗಿತ್ತು. ಅದೇನಾಯಿತೋ, "ಮುಂದಿನ ವರ್ಷ ನಾನೂ ಮಾಡ್ತೀನಿ" ಅಂದುಬಿಟ್ಟೆ.

ನಾದಿನಿ ನಕ್ಕ ನಗುವಿಗೆ ಕುಡಿಯುತ್ತಿದ್ದ ನೀರು ಅವಳ ನೆತ್ತಿಗೆ ಹತ್ತಿತು.

"ಅತ್ತಿಗೆ, ಮೆಷಿನ್ ಬಿಟ್ಟು ಎದ್ದರೆ ನಿಮ್ಮ ಮಂಡಿ ಕಟಕಟ ಅನ್ನುತ್ತೆ. ಪಕ್ಕದ ಬೀದಿಗೆ ಹೋಗೋಕೂ ಅಣ್ಣನ ಸ್ಕೂಟರ್ ಬೇಕು ನಿಮಗೆ."

ಅವಳ ಗಂಡನೂ ನಕ್ಕ, ಮಕ್ಕಳೂ ನಕ್ಕವು. ನನಗೇ ಅರ್ಧ ನಗು ಬಂದಿತ್ತು. ಊಟಕ್ಕೆ ಕೂತವರಲ್ಲಿ ನಗದೇ ಇದ್ದವರು ನನ್ನ ಗಂಡ ಒಬ್ಬರೇ. ತಟ್ಟೆಯಿಂದ ತಲೆ ಎತ್ತದೆ, "ಮಾಡ್ಲಿ ಬಿಡೇ, ಅದರಲ್ಲಿ ನಗೋದೇನಿದೆ" ಅಂದರು. ನಲವತ್ತನಾಲ್ಕು ವರ್ಷದ ಹೆಂಗಸಿಗೆ ಇಷ್ಟು ಸಾಕಾಯಿತು. ಆ ಒಂದು ಮಾತಿನ ಮೇಲೆ ನಾನು ಹನ್ನೊಂದು ತಿಂಗಳು ಈಜಿದೆ, ಸೈಕಲ್ ತುಳಿದೆ, ಓಡಿದೆ.

ಬಟ್ಟೆ ಕತ್ತರಿಸುವ ಮುಂಚೆ ಮಾದರಿ ಬರೆದುಕೊಳ್ಳುವ ಕಂದು ಕಾಗದ ಇರುತ್ತದಲ್ಲ, ಅದರ ಒಂದು ತುಂಡಿನ ಮೇಲೆ ವಾರದ ಪಟ್ಟಿ ಬರೆದು ಅಂಗಡಿಯ ಕನ್ನಡಿಯ ಪಕ್ಕ ಅಂಟಿಸಿದೆ. ಮಂಗಳವಾರ ಈಜು, ಗುರುವಾರ ಸೈಕಲ್, ಶನಿವಾರ ಓಟ. ಭಾನುವಾರ ಸೈಕಲ್ ಇಳಿದ ಕೂಡಲೇ ಓಟ. ಪ್ಯಾಂಟಿನ ಅಳತೆ ಕೊಡಲು ಬಂದವರೆಲ್ಲ ಅದನ್ನು ಓದುತ್ತಿದ್ದರು. ಒಬ್ಬ ಹೆಂಗಸು, "ಇದೇನು, ಬಟ್ಟೆ ಕೊಡೋ ದಿನಗಳಾ? ಬುಧವಾರ ಯಾಕಿಲ್ಲ?" ಅಂತ ಕೇಳಿದಳು. ಬುಧವಾರ ಮೈಕೈ ನೋವಿನ ದಿನ ಅಂತ ಹೇಳಿದೆ.

ಶನಿವಾರದ ಓಟ ನನಗೆ ಮೊದಮೊದಲು ಓಟವೇ ಆಗಿರಲಿಲ್ಲ, ಅವಸರದ ನಡಿಗೆ. ರೊಟ್ಟಿ ಅಂಗಡಿಯ ಮುದುಕ ಬಾಗಿಲು ತೆಗೆಯುವಾಗ ನಾನು ಅವನ ಮುಂದೆ ಹಾದರೆ, ಅವನು ಕಸ ಗುಡಿಸಿ ಮುಗಿಸುವಾಗಲೂ ನಾನು ಅದೇ ಬೀದಿಯಲ್ಲಿ ಇರುತ್ತಿದ್ದೆ. ಗುರುವಾರ ಅಂಗಡಿ ತೆಗೆಯುವ ಮುಂಚೆ ಸೈಕಲ್. ತಮ್ಮನ ಹಳೆಯ ಸೈಕಲ್ಲಿಗೆ ಟೈರು, ಚೈನು, ಸೀಟು ಎಲ್ಲ ಬದಲಾಯಿಸಿದ ಮೇಲೆ ಹಳೆಯದು ಅಂತ ಉಳಿದದ್ದು ಗಂಟೆ ಒಂದೇ. ಕಲ್ಲು ಒಡೆಯುವ ಜಾಗದವರೆಗೆ ಏರು ಹತ್ತಿ ವಾಪಸ್ ಬರುವುದು. ಭಾನುವಾರ ಸೈಕಲ್ ಇಳಿದು ಓಡಲು ಹೊರಟರೆ ಮೊದಲ ಐದು ನಿಮಿಷ ಕಾಲು ನನ್ನದಲ್ಲ, ಯಾರದೋ ತಂದು ಹೊಲಿದ ಹಾಗೆ. ಅದಕ್ಕೂ ಒಗ್ಗಿಕೊಂಡೆ. ಮಂಡಿ ಕಟಕಟ ಅನ್ನುವುದು ನಿಂತೇ ಹೋಯಿತು.

ಕಷ್ಟ ಇದ್ದದ್ದು ನೀರಲ್ಲಿ. ಹುಡುಗಿಯಾಗಿದ್ದಾಗ ಕಾಲುವೆಯಲ್ಲಿ ನಾಯಿ ಈಜಿದ ಹಾಗೆ ಈಜಿದವಳು ನಾನು, ಮುಖ ನೀರಿಗಿಟ್ಟು ಈಜಿದವಳಲ್ಲ. ಇಲ್ಲಿ ಸ್ಪರ್ಧೆಯಲ್ಲಿ ನಿಯಮ ಬೇರೆ ಇತ್ತು: ಕೆರೆಯ ಈಜನ್ನು ನಲವತ್ತೈದು ನಿಮಿಷದೊಳಗೆ ಮುಗಿಸಬೇಕು. ಒಂದು ಸೆಕೆಂಡ್ ಹೆಚ್ಚಾದರೂ ಸೈಕಲ್ ಮುಟ್ಟುವ ಹಾಗಿಲ್ಲ, ಟವೆಲ್ ಸುತ್ತಿಕೊಂಡು ಮನೆಗೆ ಹೋಗುವುದೇ. ಆ ಕೆರೆಗೆ ಸ್ಪರ್ಧೆಯ ದಿನ ಬಿಟ್ಟು ಬೇರೆ ದಿನ ಯಾರನ್ನೂ ಇಳಿಸುವುದಿಲ್ಲ. ಹಾಗಾಗಿ ಅಭ್ಯಾಸ ಏನಿದ್ದರೂ ಹಳೆಯ ಶಾಲೆಯೊಂದರ ಈಜುಕೊಳದಲ್ಲಿ. ಬೆಳಿಗ್ಗೆ ಎರಡು ಗಂಟೆ ಹೊತ್ತು ಹೊರಗಿನವರಿಗೂ ಬಿಡುತ್ತಿದ್ದರು. ಅದರ ಹಳೆಯ ಗಾರೆ ಕಿತ್ತು ನೀಲಿ ಟೈಲ್ಸ್ ಹಾಕಿದ್ದು ನನ್ನ ಗಂಡನೇ.

ಮೊದಲ ಮಂಗಳವಾರ ಅವರೂ ಬಂದಿದ್ದರು. ಪ್ಯಾಂಟು ಮಡಚಿ, ಕಾಲು ನೀರಿಗೆ ಬಿಟ್ಟು ದಡದಲ್ಲಿ ಕೂತಿದ್ದರು. ನಾನು ಈ ತುದಿಯಿಂದ ಆ ತುದಿಗೆ ಎರಡು ಸಲ ಹೋಗಿ ಬರುವಷ್ಟರಲ್ಲಿ ಗುಟುಕು ಜೀವ ಆಗಿದ್ದೆ. ದಡ ಹಿಡಿದು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು.

"ಇದರ ಉದ್ದ ಎಷ್ಟು ರೀ?"

ಅವರು ಆ ತುದಿ ನೋಡಿದರು, ನನ್ನ ಮುಖ ನೋಡಿದರು. "ಇಪ್ಪತ್ತೈದು ಮೀಟರ್" ಅಂದರು.

"ಅಂದ್ರೆ ನೂರು ಮೀಟರ್ ಈಜಿದ್ನಾ ನಾನು? ನಿಜವಾಗ್ಲೂ?"

"ತಳದಲ್ಲಿ ಎಣಿಸಿ ನೋಡು, ನೂರು ಟೈಲ್ಸ್. ಸಂದು ಸೇರಿ ಒಂದೊಂದೂ ಕಾಲು ಮೀಟರ್. ಹಾಕಿದವನು ನಾನು, ನನಗೆ ಗೊತ್ತಿಲ್ವಾ?"

ಎಣಿಸಿದೆ. ಆವತ್ತಿಂದ ಪ್ರತಿ ಮಂಗಳವಾರ ಎಣಿಸಿದೆ. ನೀರಿನಲ್ಲಿ ಭಯ ಹುಟ್ಟಿದಾಗ ತಳದ ಟೈಲ್ಸ್ ಎಣಿಸಿಕೊಂಡು ಹೋದರೆ ಎದೆ ಹತೋಟಿಗೆ ಬರುತ್ತಿತ್ತು, ಮತ್ತು ಯಾವತ್ತೂ ಸರಿಯಾಗಿ ನೂರು ಇರುತ್ತಿದ್ದವು. ನನ್ನ ಗಂಡ ಒಂದೊಂದನ್ನೂ ಮಂಡಿಯೂರಿ ಕೂತು ಹಾಕಿದ್ದು ಅನ್ನುವುದು ನೆನಪಾಗಿ, ಏನೋ ಅವರ ಕೈ ಹಿಡಿದುಕೊಂಡು ಈಜಿದ ಹಾಗೆ ಅನ್ನಿಸುತ್ತಿತ್ತು. ಈಗ ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ.

ಸಾವಿರದೈನೂರಕ್ಕೆ ಅರವತ್ತು ಸುತ್ತು. ಈ ತುದಿಯಿಂದ ಆ ತುದಿಗೆ ಹೋದರೆ ಒಂದು ಅಂತ ಲೆಕ್ಕ. ಅರವತ್ತನ್ನು ತಲೆಯಲ್ಲಿಟ್ಟುಕೊಂಡು ಈಜುವುದು ನನ್ನಿಂದಾಗದ ಕೆಲಸ, ಮೂವತ್ತರ ಹತ್ತಿರ ಬಂದಾಗ ಯಾರದೋ ಕೋಟಿನ ತೋಳು ನೆನಪಾಗಿ ಎಲ್ಲ ಕಲಸಿಹೋಗುತ್ತಿತ್ತು. ಅದಕ್ಕೆ ಅಂಗಡಿಯಿಂದ ಹತ್ತು ದೊಡ್ಡ ಕೋಟಿನ ಗುಂಡಿ ತಂದು ದಡದಲ್ಲಿ ಸಾಲಾಗಿ ಇಟ್ಟೆ. ಆರು ಸುತ್ತಿಗೊಮ್ಮೆ ಒಂದು ಗುಂಡಿಯನ್ನು ಎಡದಿಂದ ಬಲಕ್ಕೆ ತಳ್ಳುವುದು. ಹತ್ತೂ ಗುಂಡಿ ಬಲಕ್ಕೆ ಬಂದರೆ ಮುಗಿಯಿತು. ಈಜುಕೊಳದ ಕಾವಲಿನವನಿಗೆ ಇದು ಬಲು ತಮಾಷೆ. ಅವನನ್ನು ಎಲ್ಲರೂ ಶಿಳ್ಳೆ ಅನ್ನುತ್ತಿದ್ದರು, ಕೊರಳಲ್ಲಿ ಸದಾ ಒಂದು ಶಿಳ್ಳೆ ಇರುತ್ತಿತ್ತು, ಅದನ್ನು ಊದಿದ್ದು ಮಾತ್ರ ಯಾರೂ ಕಂಡಿಲ್ಲ. ಐವತ್ತು ದಾಟಿದ ಮನುಷ್ಯ. "ಅಕ್ಕಾ, ಎಷ್ಟು ಗುಂಡಿ ಆಯ್ತು?" ಅಂತ ಕೂಗುತ್ತಿದ್ದ. ನಾನು ಉಸಿರಿನ ನಡುವೆ ಕೈ ಎತ್ತಿ ಬೆರಳು ತೋರಿಸುತ್ತಿದ್ದೆ.

ಎಂಟನೇ ತಿಂಗಳಲ್ಲಿ ಹತ್ತು ಗುಂಡಿ ಮೊದಲ ಸಲ ಮುಗಿಯಿತು. ಹತ್ತನೇ ತಿಂಗಳ ಕೊನೆಗೆ ಮೂವತ್ತಾರು ನಿಮಿಷಕ್ಕೆ ಬಂದು ನಿಂತಿದ್ದೆ. ನಲವತ್ತೈದಕ್ಕೆ ಇನ್ನೂ ಒಂಬತ್ತು ನಿಮಿಷ ಉಳಿತಾಯ! ನಾದಿನಿಗೆ ಫೋನು ಮಾಡಿ ಹೇಳಿದೆ. ಅವಳು, "ನನಗೇ ಮೂವತ್ತೊಂಬತ್ತು ಆಗಿತ್ತಲ್ಲ ಅತ್ತಿಗೆ" ಅಂದಳು. ನಾನು ಕುಣಿದಾಡುವುದೊಂದು ಬಾಕಿ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಎದ್ದು ಹೋಗಿ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡರು. ಅವರ ಕೈ ಆಗಲೇ ತೊಳೆದಾಗಿತ್ತು. ನನಗೆ ಆವತ್ತು ಅದು ಕಾಣಿಸಲಿಲ್ಲ.

ಸ್ಪರ್ಧೆಗೆ ಐದು ವಾರ ಇತ್ತು. ಸೋಮವಾರ, ಅಂಗಡಿಗೆ ರಜೆ. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಒಂದು ನೀಲಿ ಟೈಲ್ಸ್ ಇರುತ್ತದೆ, ಬಿಸಿ ಪಾತ್ರೆ ಇಡಲಿಕ್ಕೆ. ಈಜುಕೊಳದ ಕೆಲಸದಲ್ಲಿ ಉಳಿದದ್ದನ್ನು ಅವರೇ ತಂದಿಟ್ಟಿದ್ದರು. ಅದರ ಅಂಚು ಮೇಜನ್ನು ಗೀರುತ್ತದೆ ಅಂತ, ದಪ್ಪ ಬಟ್ಟೆಯಲ್ಲಿ ಒಂದು ಕವಚ ಹೊಲಿಯೋಣ ಅನ್ನಿಸಿ ಟೇಪು ಇಟ್ಟೆ. ಇಪ್ಪತ್ತು ಸೆಂಟಿಮೀಟರ್‌ಗೆ ಒಂದು ನೂಲು ಕಡಿಮೆ. ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗುರುತು ಹಾಕಿದೆ, ಕತ್ತರಿ ಕೈಗೆ ತೆಗೆದುಕೊಂಡೆ, ಆಮೇಲೆ ಕತ್ತರಿ ಕೆಳಗಿಟ್ಟೆ.

ಆ ಒಂದು ನೂಲು ಸಂದಿಗೆ. ಸಂದು ಸೇರಿ ಇಪ್ಪತ್ತು, ಇಪ್ಪತ್ತೈದಲ್ಲ.

ಹಳೆಯ ಟೇಪು ಹಿಗ್ಗುತ್ತದೆ, ದರ್ಜಿಗಳಿಗೆಲ್ಲ ಗೊತ್ತು. ಹಿಗ್ಗಿರಬೇಕು ಅಂದುಕೊಂಡು ಹೊಸ ಟೇಪು ತಂದೆ. ಅಷ್ಟೇ. ಅವರ ಕೆಲಸದ ಚೀಲದಿಂದ ಉಕ್ಕಿನ ಟೇಪು ತೆಗೆದೆ. ಉಕ್ಕು ಹಿಗ್ಗುವುದಿಲ್ಲ. ಅಷ್ಟೇ ಇತ್ತು. ಆಮೇಲೂ ನಾನು ನನ್ನ ಗಂಡನ ಪರವಾಗಿಯೇ ವಾದ ಮಾಡಿಕೊಂಡೆ: ಇದು ಬೇರೆ ಯಾವುದೋ ಮನೆಯ ಟೈಲ್ಸ್ ಇರಬಹುದು, ನೀಲಿ ಬಣ್ಣ ಇದೊಂದೇ ಇದೆಯಾ?

ಮರುದಿನ ಮಂಗಳವಾರ. ಉಕ್ಕಿನ ಟೇಪನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಬೇರೆ ಯಾರೂ ಬಂದಿರಲಿಲ್ಲ. ದಡದಲ್ಲಿ ಟೇಪಿನ ತುದಿ ಸಿಕ್ಕಿಸಿ, ಅದರ ಉದ್ದ ಮುಗಿದಲ್ಲಿ ಗುಂಡಿ ಇಟ್ಟು, ಅಲ್ಲಿಂದ ಮತ್ತೆ ಅಳೆಯುತ್ತಾ ಬಗ್ಗಿಕೊಂಡು ಆ ತುದಿಯವರೆಗೆ ಹೋದೆ. ಇಪ್ಪತ್ತು ಮೀಟರ್. ತಲೆ ಎತ್ತಿದರೆ ಶಿಳ್ಳೆ ನಿಂತಿದ್ದ. ಅವನು ಏನು ಅಳೀತಿದ್ದೀರಿ ಅಂತ ಕೇಳಲಿಲ್ಲ. ಕೇಳದೇ ಇದ್ದದ್ದೇ ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

"ನಿನಗೆ ಗೊತ್ತಿತ್ತಾ?"

"ಅಕ್ಕಾ, ಇಲ್ಲಿ ಕೆಲಸ ಮಾಡೋನಿಗೆ ಗೊತ್ತಿರಲ್ವಾ?" ಅಂದ. ಕೊರಳಿನ ಶಿಳ್ಳೆಯನ್ನು ತಿರುಗಿಸುತ್ತಾ ನಿಂತ. "ಮೇಸ್ತ್ರಿ ಹೇಳ್ಬೇಡ ಅಂದಿದ್ರು. ನಿಮ್ಮ ಉತ್ಸಾಹ ಮುರೀಬಾರ್ದು ಅಂತ. ನೀವು ಹತ್ತನೇ ಗುಂಡಿ ತಳ್ಳೋವಾಗೆಲ್ಲ ನನಗೇ ಒಂಥರಾ ಸಂಕಟ ಆಗ್ತಿತ್ತು."

ಅಂದರೆ ನಾನು ಬೆರಳು ಎತ್ತಿ ತೋರಿಸುವಾಗೆಲ್ಲ ಅವನಿಗೆ ಗೊತ್ತಿತ್ತು. ನಾನೊಬ್ಬಳೇ ನೀರಿನಲ್ಲಿ, ಗೊತ್ತಿದ್ದವರೆಲ್ಲ ದಡದ ಮೇಲೆ. ನನ್ನ ಸಾವಿರದೈನೂರು ಬರೀ ಸಾವಿರದಿನ್ನೂರು. ಒಂಬತ್ತು ನಿಮಿಷದ ಉಳಿತಾಯ ಅನ್ನುವುದು ಎಲ್ಲಿಯೂ ಇರಲಿಲ್ಲ. ಲೆಕ್ಕ ಹಾಕಿದರೆ ನಲವತ್ತೈದಕ್ಕೆ ಸರಿಯಾಗಿ ನಲವತ್ತೈದು, ಅದೂ ಕೊನೆಯವರೆಗೆ ದಣಿಯದೆ ಈಜಿದರೆ.

ಸಂಜೆ ಅವರು ಬಂದರು. ಮಂಡಿಯ ಹತ್ತಿರ ಸಿಮೆಂಟು ಒಣಗಿದ ಪ್ಯಾಂಟು, ಕೈಯಲ್ಲಿ ಚೀಲ. ಊಟದ ಮೇಜಿನ ಮೇಲೆ ನೀಲಿ ಟೈಲ್ಸ್, ಅದರ ಮೇಲೆ ಬಿಚ್ಚಿದ ಉಕ್ಕಿನ ಟೇಪು ಇಟ್ಟು ನಾನು ಎದುರಿಗೆ ಕೂತಿದ್ದೆ. ಅವರು ನೋಡಿದರು. ಚೀಲವನ್ನು ನಿಧಾನವಾಗಿ ಕೆಳಗಿಟ್ಟರು.

"ಮೊದಲನೇ ದಿನ ನೀನು ದಡ ಹಿಡ್ಕೊಂಡು ಅಳ್ತಾ ಇದ್ದೆ ಕಣೇ. ಬಾಯಿಗೆ ಬಂತು, ಹೇಳ್ಬಿಟ್ಟೆ."

"ಮೊದಲನೇ ದಿನದ್ದು ಬಿಡಿ. ಎರಡನೇ ಮಂಗಳವಾರ? ಹತ್ತನೇದು? ಮೂವತ್ತಾರು ನಿಮಿಷ ಅಂತ ನಿಮ್ಮ ತಂಗಿಗೆ ಫೋನ್ ಮಾಡಿ ಕುಣಿದ್ನಲ್ಲ, ಆವತ್ತು?"

"ಆವತ್ತು ಹೇಗೆ ಹೇಳೋದು? ಅಷ್ಟು ಖುಷಿಯಾಗಿದ್ದೆ."

"ನಲವತ್ತಾರು ಮಂಗಳವಾರ ರೀ. ನಲವತ್ತಾರು ಸಲ ನನ್ನ ಕಿವಿ ಮೇಲೆ ಹೂವಿಟ್ಟು ಕಳಿಸಿದ್ದೀರಿ. ಕೆರೆಯಲ್ಲಿ ಏನಾಗುತ್ತೆ ಅಂತ ಒಂದು ಸಲನೂ ಯೋಚನೆ ಮಾಡ್ಲಿಲ್ವಾ?"

ಅವರು ಕುರ್ಚಿ ಎಳೆದು ಕೂತರು. ಬೆರಳಿನ ಉಗುರಿನಿಂದ ಸಿಮೆಂಟು ಕೆರೆಯುತ್ತಾ, ಮೇಜು ನೋಡುತ್ತಾ ಹೇಳಿದರು. "ಕೆರೆವರೆಗೆ ಹೋಗ್ತೀಯ ಅಂತ ಯಾರು ಅಂದ್ಕೊಂಡಿದ್ರು? ನಾಲ್ಕು ದಿನ ಆಡಿ ಬಿಟ್ಬಿಡ್ತೀಯ ಅಂದ್ಕೊಂಡೆ. ನಾಲ್ಕು ದಿನ ಸಂತೋಷವಾಗಿರ್ಲಿ, ಇದರಲ್ಲಿ ಯಾರ ಗಂಟು ಹೋಗುತ್ತೆ ಅಂತ..."

ನನಗೆ ಚುಚ್ಚಿದ್ದು ಏನು ಅಂತ ಆಗ ಗೊತ್ತಾಯಿತು. ಇಪ್ಪತ್ತು, ಇಪ್ಪತ್ತೈದು, ಅದಲ್ಲ. ಆವತ್ತು ಊಟಕ್ಕೆ ಕೂತವರೆಲ್ಲ ನಕ್ಕಿದ್ದರಲ್ಲ, ಅವರು ನನ್ನ ಮುಖದೆದುರೇ ನಕ್ಕಿದ್ದರು. ಇವರು ನಗದೇ ಇದ್ದದ್ದು ನನ್ನನ್ನು ನಂಬಿ ಅಲ್ಲ. ನಗುವಷ್ಟು ದೊಡ್ಡ ವಿಷಯ ಅಂತಲೂ ಅನ್ನಿಸಿರಲಿಲ್ಲ, ಅಷ್ಟೇ.

"ನೀನು ನನ್ನ ಮೇಲೆ ಕರುಣೆ ತೋರಿಸಿದೆ" ಅಂದೆ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಗಂಡನಿಗೆ ನೀನು ಅಂದಿದ್ದೆ. ಇಬ್ಬರಿಗೂ ಅದು ಕೇಳಿಸಿತು.

ಆಮೇಲಿನ ವಾರಗಳಲ್ಲಿ ನನಗೊಂದು ರೋಗ ಹತ್ತಿಕೊಂಡಿತು. ಅವರು ಈವರೆಗೆ ಚೆನ್ನಾಗಿದೆ ಅಂದದ್ದನ್ನೆಲ್ಲ ಒಂದೊಂದಾಗಿ ತೆಗೆದು ಅಳೆಯತೊಡಗಿದೆ. ಸಾರು ಚೆನ್ನಾಗಿದೆ ಅಂದಿದ್ದರು, ನಿಜವಾಗಿ ಹೇಗಿತ್ತು? ಅವರಿಗೆ ಹೊಲಿದುಕೊಟ್ಟ ಬೂದು ಕೋಟನ್ನು "ಇಂಥ ಕೋಟು ಯಾರೂ ಹೊಲಿದಿಲ್ಲ" ಅಂದಿದ್ದರು. ಕಪಾಟಿನಿಂದ ತೆಗೆದು ಭುಜ ನೋಡಿದರೆ ಎಡಗಡೆ ಅರ್ಧ ಇಂಚು ಇಳಿದಿತ್ತು, ಇಷ್ಟು ವರ್ಷ ಹಾಗೇ ಹಾಕಿಕೊಂಡು ತಿರುಗಿದ್ದಾರೆ ಪುಣ್ಯಾತ್ಮ. ನನ್ನ ಅಪ್ಪ ತೀರಿಕೊಂಡ ವಾರ, "ನೀನು ಮಾಡೋದನ್ನೆಲ್ಲ ಮಾಡಿದ್ದೀಯ" ಅಂದಿದ್ದರು. ಅದನ್ನು ಅಳೆಯುವ ಟೇಪು ನನ್ನ ಹತ್ತಿರ ಇರಲಿಲ್ಲ. ಅದಕ್ಕೇ ಅತ್ತದ್ದು ಹೆಚ್ಚು.

ಸೈಕಲ್ ದಾರಿಯ ದೂರವನ್ನೂ ಅವರೇ ಸ್ಕೂಟರಿನ ಮೀಟರ್ ನೋಡಿ ಹೇಳಿದ್ದು. ಒಂದು ಗುರುವಾರ ಕಿಲೋಮೀಟರ್ ಕಲ್ಲುಗಳನ್ನು ಒಂದೊಂದಾಗಿ ಎಣಿಸುತ್ತಾ ತುಳಿದೆ. ಸರಿಯಾಗಿತ್ತು. ಓಟದ ದಾರಿಯೂ ಸರಿಯಾಗಿತ್ತು. ಸುಳ್ಳು ಸಿಕ್ಕಿದ್ದರೆ ಬಯ್ದು ಹಗುರ ಆಗುತ್ತಿದ್ದೆನೇನೋ, ಸರಿಯಾಗಿದ್ದದ್ದು ಇನ್ನೂ ಸಿಟ್ಟು ತಂದಿತು. ನನ್ನಿಂದಾಗುವ ಕಡೆ ನಿಜ, ಆಗದ ಕಡೆ ಸುಳ್ಳು.

ಬಿಟ್ಟುಬಿಡಬಹುದಿತ್ತು. ಅವರು ಅಂದುಕೊಂಡದ್ದೂ ಅದೇ ಅಂತ ಬಿಡಲಿಲ್ಲ. ಇಪ್ಪತ್ತು ಮೀಟರಿಗೆ ಎಪ್ಪತ್ತೈದು ಸುತ್ತು. ಎಪ್ಪತ್ತೈದನ್ನು ಆರರಿಂದ ಭಾಗಿಸಿದರೆ ಹನ್ನೆರಡೂವರೆ. ಹನ್ನೆರಡು ಕೋಟಿನ ಗುಂಡಿ ಇಟ್ಟು, ಅರ್ಧಕ್ಕೆ ಒಂದು ಚಿಕ್ಕ ಅಂಗಿಯ ಗುಂಡಿ ಇಟ್ಟೆ. ಅರ್ಧ ಗುಂಡಿಗೆ ಮೂರೇ ಸುತ್ತು, ಹಾಗಾಗಿ ಮುಗಿಯುವುದು ಆಚೆ ತುದಿಯಲ್ಲಿ. ಅಲ್ಲಿಂದ ನೀರು ತೊಟ್ಟಿಕ್ಕಿಸುತ್ತಾ, ಬರಿಗಾಲಲ್ಲಿ ಸುತ್ತಿಕೊಂಡು ಬಂದು ಕೊನೆಯ ಚಿಕ್ಕ ಗುಂಡಿಯನ್ನು ತಳ್ಳುತ್ತಿದ್ದೆ. ಶಿಳ್ಳೆ ಈಗ ಎಷ್ಟಾಯ್ತು ಅಂತ ಕೂಗುತ್ತಿರಲಿಲ್ಲ. ನಾನೂ ಟೈಲ್ಸ್ ಎಣಿಸುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಈಜುತ್ತಿದ್ದೆ, ಒಮ್ಮೊಮ್ಮೆ ಗೋಡೆಗೆ ತಲೆ ಹೊಡೆಸಿಕೊಳ್ಳುತ್ತಿದ್ದೆ.

ಮೊದಲ ಸಲ ನಲವತ್ತಾರು ನಿಮಿಷ ನಲವತ್ತು ಸೆಕೆಂಡ್. ಮುಂದಿನ ವಾರ ನಲವತ್ತಾರು ಹದಿನೈದು. ಆಮೇಲೆ ನಲವತ್ತೈದು ಐವತ್ತು, ನಲವತ್ತೈದು ಮೂವತ್ತು. ಸ್ಪರ್ಧೆಯ ವಾರದ ಮಂಗಳವಾರ ನಲವತ್ತೈದು ಹತ್ತು. ವಾರಕ್ಕಿಷ್ಟು ಅಂತ ಇಳಿಯುತ್ತಿತ್ತು, ವಾರಗಳೇ ಉಳಿದಿರಲಿಲ್ಲ.

"ನೀವು ಬರಬೇಡಿ" ಅಂತ ಹೇಳಿದ್ದೆ. ಭಾನುವಾರ ಬೆಳಿಗ್ಗೆ ಕೆರೆಯ ಹತ್ತಿರ ಸೈಕಲ್ ನಿಲ್ಲಿಸುವಾಗ ಅವರ ಸ್ಕೂಟರ್ ಕಾಣಿಸಿತು. ಸಣ್ಣ ಕ್ಲಬ್ಬಿನ ಸ್ಪರ್ಧೆ, ಎಂಬತ್ತೋ ತೊಂಬತ್ತೋ ಜನ. ಸಮಯ ಬರೆಯುವವರೂ ಕ್ಲಬ್ಬಿನವರೇ. ಈಜು ಮುಗಿಸಿ ದಡ ಹತ್ತುವ ಜಾಗದಲ್ಲಿ ಮೇಜು ಹಾಕಿಕೊಂಡು, ಒಂದು ಕೈಯಲ್ಲಿ ಸ್ಟಾಪ್‌ವಾಚು ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಕೂತಿದ್ದವಳು ನಾದಿನಿ. ಈ ವರ್ಷ ಅವಳ ಕಾಲು ಉಳುಕಿತ್ತು, ಅದಕ್ಕೇ ಈ ಕೆಲಸ ವಹಿಸಿಕೊಂಡಿದ್ದಳು. "ಅತ್ತಿಗೆ, ಚೆನ್ನಾಗಿ ಮಾಡಿ" ಅಂದಳು. ಈ ಸಲ ನಗಲಿಲ್ಲ. ಅಣ್ಣ ಅವಳಿಗೆ ಎಲ್ಲ ಹೇಳಿದ್ದಾರೆ ಅಂತ ಗೊತ್ತಾಯಿತು.

ಕೆರೆಯ ನೀರು ಕಂದು. ತಳ ಇಲ್ಲ, ಗೋಡೆ ಇಲ್ಲ, ದಡದಲ್ಲಿ ಗುಂಡಿ ಇಲ್ಲ. ಕ್ಲಬ್ಬಿನವರು ಶಿಳ್ಳೆ ಊದಿದ ತಕ್ಷಣ ಎಲ್ಲರೂ ಮುಂದೆ ಹೋದರು, ಯಾರದೋ ಹಿಮ್ಮಡಿ ನನ್ನ ಈಜುವ ಕನ್ನಡಕಕ್ಕೆ ಬಡಿಯಿತು. ಮೊದಲ ಕಿತ್ತಳೆ ಬಣ್ಣದ ತೇಲುಗುಂಡು ಬರುವವರೆಗೆ ನಾನು ಈಜಿದೆನೋ ಒದ್ದಾಡಿದೆನೋ ತಿಳಿಯದು. ಅಲ್ಲಿಂದ ಸ್ವಲ್ಪ ಉಸಿರು ಕೂಡಿತು. ಎಣಿಸುವುದಕ್ಕೆ ಏನೂ ಇಲ್ಲದ ಆ ಕಂದು ನೀರಿನಲ್ಲಿ ನನಗೆ ಬೇಡವೆಂದರೂ ಬಾಯಲ್ಲಿ ಟೈಲ್ಸೇ ಬಂದವು, ಒಂದು, ಎರಡು, ಮೂರು. ಸಿಟ್ಟಿನಿಂದ ಎಣಿಸಿದೆ. ಎರಡನೇ ತೇಲುಗುಂಡಿನ ಹತ್ತಿರ ಕೈಗಡಿಯಾರ ನೋಡಿದರೆ ಮೂವತ್ತು ನಿಮಿಷ. ಉಳಿದದ್ದು ಐನೂರು ಮೀಟರ್. ಆಗುತ್ತೆ, ಆಗುತ್ತೆ, ಹದಿನೈದು ನಿಮಿಷ ಇದೆ, ಅಂದುಕೊಂಡೆ. ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಹಲ್ಲು ಕಚ್ಚಿ ಬರೀ ಕೈಯಲ್ಲಿ ಎಳೆದುಕೊಂಡು ಹೋದೆ. ಕೊನೆಗೆ ಕೈಗೆ ಕೆಸರು ಸಿಕ್ಕಿತು, ಮಂಡಿಯೂರಿ ಎದ್ದೆ, ಮುಗ್ಗರಿಸಿ ಮತ್ತೆ ಎದ್ದೆ. ಮೇಜಿನ ಮುಂದೆ ಎಳೆದ ಬಿಳಿ ಗೆರೆ ದಾಟಿ ನನ್ನ ಗಡಿಯಾರ ಒತ್ತಿ ನಿಲ್ಲಿಸಿದೆ.

"ನಲವತ್ತನಾಲ್ಕು ಐವತ್ತು!" ಅಂತ ನಾದಿನಿ ಕೂಗಿದಳು. "ಆಯ್ತು ಅತ್ತಿಗೆ, ಓಡಿ, ಸೈಕಲ್ ತಗೊಳ್ಳಿ!"

ನನ್ನ ಗಂಡ ಅವಳ ಕುರ್ಚಿಯ ಪಕ್ಕದಲ್ಲೇ ನಿಂತಿದ್ದರು, ಮಡಚಿದ ಟವೆಲ್ ಹಿಡಿದುಕೊಂಡು. ನಾದಿನಿ ಕೂಗಿದ್ದು ನನ್ನ ಕಡೆ, ನೋಡುತ್ತಿದ್ದದ್ದು ಕಾಗದದ ಕಡೆ.

ಅರೆ ಕ್ಷಣ, ಸುಳ್ಳು ಯಾಕೆ ಹೇಳಲಿ, ನನ್ನ ಕಾಲು ಸೈಕಲಿನ ಕಡೆಗೆ ಎರಡು ಹೆಜ್ಜೆ ಹಾಕಿತು. ಅದು ಅಲ್ಲೇ ಇತ್ತು, ಸೀಟಿನ ಮೇಲೆ ನಾನೇ ಹೊಲಿದ ಕವಚ, ಹ್ಯಾಂಡಲಿನಲ್ಲಿ ಹಳೆಯ ಗಂಟೆ. ನಲವತ್ತು ಕಿಲೋಮೀಟರ್ ನನ್ನಿಂದಾಗುತ್ತದೆ, ಹತ್ತು ಓಡಲೂ ಆಗುತ್ತದೆ, ಅವು ಸರಿಯಾದ ಅಳತೆಯಲ್ಲಿ ಕಲಿತವು. ಸಂಜೆಗೆ ಕೊರಳಲ್ಲಿ ಪದಕ ಇರುತ್ತದೆ. ಆಮೇಲೆ ಅದನ್ನು ಮನೆಯಲ್ಲಿ ಎಲ್ಲಿ ಇಡಲಿ? ನೀಲಿ ಟೈಲ್ಸಿನ ಮೇಲೆಯಾ?

ತಿರುಗಿ ಬಂದೆ. ನನ್ನ ಗಡಿಯಾರವನ್ನು ನೋಡಲಿಲ್ಲ. ಅಂಗೈಯಿಂದ ಮುಚ್ಚಿಕೊಂಡು ಗಂಡನ ಎದುರಿಗೆ ನಿಂತೆ.

"ಎಷ್ಟಾಯ್ತು ರೀ?"

"ಹೇಳಿದ್ಲಲ್ಲ. ಹೋಗು, ಹೊತ್ತಾಗುತ್ತೆ."

"ಅವಳು ಹೇಳಿದ್ದು ಬೇಡ. ಸ್ಟಾಪ್‌ವಾಚು ನೀವೂ ನೋಡಿದ್ದೀರಿ. ನೀವು ಹೇಳಿ."

"ಬೇಡ ಕಣೇ... ಒಂದು ವರ್ಷ ಕಷ್ಟಪಟ್ಟಿದ್ದೀಯ. ನನ್ನ ತಪ್ಪಿಗೆ ನೀನು ಯಾಕೆ... ಹೋಗು."

"ಇವತ್ತೊಂದು ದಿನ ಸರಿಯಾದ ಅಳತೆ ಹೇಳಿ. ಇವತ್ತೂ ಹೇಳ್ಲಿಲ್ಲ ಅಂದ್ರೆ, ಇನ್ನು ಮೇಲೆ ನೀವು ಹೊತ್ತೆಷ್ಟು ಅಂದ್ರೂ ನಾನು ಬೇರೆಯವರನ್ನ ಕೇಳ್ಕೊಂಡು ಬರ್ಬೇಕಾಗುತ್ತೆ."

ನಾದಿನಿ ಪೆನ್ನನ್ನು ಕಾಗದದಿಂದ ಮೇಲೆತ್ತಿ ಹಿಡಿದಿದ್ದಳು. ನಮ್ಮ ಹಿಂದೆ ಇನ್ನೊಬ್ಬ ಮುದುಕ ದಡ ಹತ್ತಿ, ಕೆಮ್ಮುತ್ತಾ, ತನ್ನ ಸಮಯ ಎಷ್ಟು ಅಂತ ಕೇಳುತ್ತಿದ್ದ. ನನ್ನ ಗಂಡ ಟವೆಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ನನ್ನ ಮುಖ ನೋಡಿದರು. ಬಾಗಿಲಲ್ಲಿ ನಿಂತು ಕೋಣೆ ನೋಡುತ್ತಾರಲ್ಲ, ಹಾಗೆ.

"ನಲವತ್ತೈದು ನಿಮಿಷ" ಅಂದರು. "ಇಪ್ಪತ್ತೆರಡು ಸೆಕೆಂಡ್."

ಅಂಗೈ ತೆಗೆದು ನೋಡಿದೆ. ನನ್ನ ಗಡಿಯಾರದಲ್ಲೂ ಅದೇ ಇತ್ತು. ಅವರ ಅಳತೆ ತಪ್ಪುವುದಿಲ್ಲ.

ನಾದಿನಿ ಬರೆದದ್ದನ್ನು ಹೊಡೆದು ಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆದಳು, ಅದರ ಮುಂದೆ ನಿಯಮದ ಪ್ರಕಾರ, ಸ್ಪರ್ಧೆಯಿಂದ ಹೊರಗೆ ಅನ್ನುವ ಅಡ್ಡಗೆರೆ ಎಳೆದಳು. ಕೇಳಿದ್ದು ನಾನೇ. ಕೇಳಿದ್ದು ಸಿಕ್ಕಿದಾಗ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಇಪ್ಪತ್ತೆರಡು ಸೆಕೆಂಡ್. ವಾರಕ್ಕೆ ಇಪ್ಪತ್ತು ಇಪ್ಪತ್ತೈದು ಸೆಕೆಂಡ್ ಇಳಿಸಿಕೊಂಡು ಬಂದವಳು ನಾನು. ಇದೇ ಬಾಯಿ ನಲವತ್ತಾರು ಮಂಗಳವಾರಗಳಲ್ಲಿ ಯಾವುದಾದರೂ ಒಂದು ಮಂಗಳವಾರ ಇಪ್ಪತ್ತು ಅಂದಿದ್ದರೆ, ನನಗೆ ಇನ್ನೊಂದು ವಾರ ಸಿಕ್ಕಿದ್ದರೆ ಸಾಕಿತ್ತು.

ಅವರು ಪಕ್ಕದಲ್ಲಿ ಕೂತು ಟವೆಲನ್ನು ನನ್ನ ಹೆಗಲಿಗೆ ಹಾಕಲು ಬಂದರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ಹಾಕಿಕೊಂಡೆ.